ಬುಖಾರಾದಲ್ಲಿ ಮೂರನೇ ಗುಂಪಿನ ರಕ್ತ

ಶಿಗ್ಗಾಂವಿ

ಈ ಪ್ರವಾಸ ಗಟ್ಟಿಯಾದದ್ದು ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ, ಮಿರ್ಚಿ ಭಜಿ ತಿನ್ನುತ್ತ ಕೂತಾಗ. ನಾನು ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಗೆಳತಿ ಖುರ್ಷಿದ್ ಸವಣೂರಿನಲ್ಲಿ ಉರ್ದು ಕಲಿಸಿ ನಿವೃತ್ತಳಾದವಳು. ಹರೆಯದಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ಅಂದಿನಿಂದ ಜಗಳ ಆಡುತ್ತಲೇ ಇದ್ದೇವೆ. ಅವಳು ದಿನಕ್ಕೆ ಐದು ಸಲ ನಮಾಜು ಮಾಡುವವಳು. ನಾನು ದೇವರಿಲ್ಲ ಎನ್ನುವವಳು, ಮತ್ತು ಅದನ್ನು ಮೆಲ್ಲಗೆ ಹೇಳಲು ಬರದವಳು.

ಎರಡು ವರ್ಷದ ಹಿಂದೆ ನನ್ನ ಎಲುಬಿನೊಳಗಿನ ಮಜ್ಜೆ ರಕ್ತ ತಯಾರಿಸುವ ಕೆಲಸದಲ್ಲಿ ಮೈಗಳ್ಳತನ ಶುರು ಮಾಡಿತು. ಪೂರ್ತಿ ವಾಸಿಯಾಗುವ ರೋಗವಲ್ಲ, ಎಷ್ಟು ದಿನ ತಳ್ಳಬಹುದು ಎಂದು ಡಾಕ್ಟರೂ ಖಚಿತವಾಗಿ ಹೇಳಲಾರರು. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಎರಡು ಚೀಲ ರಕ್ತ ಏರಿಸಿಕೊಂಡು ಬರುತ್ತೇನೆ. ನಾನು ಹಾನಗಲ್ಲಿನಿಂದ, ಅವಳು ಸವಣೂರಿನಿಂದ ಬಂದು ಶಿಗ್ಗಾಂವಿಯಲ್ಲಿ ಕೂಡಿ, ಮುಂದೆ ಜೋಡಿಯಾಗಿ ಹೋಗುತ್ತೇವೆ.

"ಸರೋಜಾ, ಸಾಯೂದಕ್ಕಿಂತ ಮೊದಲ ಒಮ್ಮೆ ಬುಖಾರಾ ನೋಡಬೇಕು," ಅಂದಳು ಖುರ್ಷಿದ್.

"ಯಾರು ಸಾಯೂದಕ್ಕಿಂತ ಮೊದಲ?"

"ಇಬ್ಬರಾಗ ಯಾರರ ಒಬ್ರು. ಲಗೂನ ಹೇಳು, ಬಸ್ ಬಂತು."

ನನ್ನ ಮುಂದೆ ಇಂಥ ಮಾತು ಆಡಬಲ್ಲವಳು ಅವಳೊಬ್ಬಳೇ. ಬುಖಾರಾ ಇರುವುದು ಉಜ್ಬೇಕಿಸ್ತಾನದಲ್ಲಿ. ಅವಳ ಅಜ್ಜಿ ತಮ್ಮ ಹಿರಿಯರು ಅತ್ತ ಕಡೆಯವರು ಎನ್ನುತ್ತಿದ್ದಳಂತೆ. ಅದಕ್ಕೆ ಕಾಗದಪತ್ರ ಯಾವುದೂ ಇಲ್ಲ; ಅಜ್ಜಿಯ ಬಾಯಿಮಾತೇ ಆಧಾರ.

ಕಾಯಿಲೆಯ ಸಂಗತಿ ಗೊತ್ತಿದ್ದದ್ದು ಅವಳಿಗೆ ಮತ್ತು ಹಿರೇಕೆರೂರಿನಲ್ಲಿರುವ ನನ್ನ ತಮ್ಮನಿಗೆ ಮಾತ್ರ. ಉಳಿದವರು ಕೇಳಿದರೆ "ಬಿಪಿ" ಎನ್ನುತ್ತಿದ್ದೆ. ನನ್ನದು ಸುಲಭಕ್ಕೆ ಸಿಗದ ಗುಂಪು, ಬಿ ನೆಗೆಟಿವ್; ಖುರ್ಷಿದ್‌ಳದು ಹೊಂದುವುದಿಲ್ಲ. ತಮ್ಮ ಮೂರು ತಿಂಗಳಿಗೊಮ್ಮೆ ತನ್ನ ಸರದಿ ಬಂದಾಗ ಕೊಡುತ್ತಿದ್ದ, ಮಿಕ್ಕದ್ದು ರಕ್ತನಿಧಿಯಿಂದ ಹೇಗೋ ಹೊಂದುತ್ತಿತ್ತು. ಊರವರನ್ನು ಕೇಳು ಎಂದು ಅವನು ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ದೇವರ ಮುಂದೆ ಕೈ ಮುಗಿಯದವಳು ಮನುಷ್ಯರ ಮುಂದೆ ಯಾಕೆ ಕೈ ಚಾಚಬೇಕು ಎಂಬ ಠೇಂಕಾರ. ಅದಕ್ಕೆ ನಾನು ಸ್ವಾಭಿಮಾನ ಎಂದು ಹೆಸರಿಟ್ಟುಕೊಂಡಿದ್ದೆ.

ಡಾಕ್ಟರು ಗೊಣಗುತ್ತಲೇ ಒಪ್ಪಿಗೆ ಕೊಟ್ಟರು. "ಹೊಸಾ ರಕ್ತ ಏರಿಸಿದ ಮ್ಯಾಲ ಹತ್ತ ಹನ್ನೆರಡು ದಿನ ನಡೀತೈತ್ರಿ ಅಕ್ಕೋರ. ಆದ್ರ ಹಸೀದು ಏನೂ ತಿನ್ನಬ್ಯಾಡ್ರಿ, ಏರು ಹತ್ತಬ್ಯಾಡ್ರಿ."

ಎರಡನ್ನೂ ಮಾಡಿದೆ. ಮೊದಲು ತಿಂದೆ, ಆಮೇಲೆ ಹತ್ತಿದೆ.

ತಾಷ್ಕೆಂಟಿನಿಂದ ರೈಲಿನಲ್ಲಿ

ತಾಷ್ಕೆಂಟಿನಲ್ಲಿ ಇಳಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಂಗಾರದ ಹಲ್ಲುಗಳು. ನಮ್ಮಲ್ಲಿ ಹೆಂಗಸರು ಬಂಗಾರವನ್ನು ಕೊರಳಿಗೆ ಹಾಕಿದರೆ ಅಲ್ಲಿನ ವಯಸ್ಸಾದ ಹೆಂಗಸರು ಬಾಯಿಗೆ ಹಾಕಿಕೊಂಡಿದ್ದಾರೆ. ಹೀಗಾಗಿ ಅವರು ನಕ್ಕರೆ ಯಜಮಾನರಿಗೆ ಖರ್ಚು ಮಾಡಿದ್ದು ಸಾರ್ಥಕವೆನಿಸುತ್ತಿರಬೇಕು. ಗಂಡಸರು ಎದುರಾದವರಿಗೆಲ್ಲ ಬಲಗೈಯನ್ನು ಎದೆಗೆ ಒತ್ತಿಕೊಂಡು ತುಸು ಬಾಗುತ್ತಾರೆ. ಮೊದಲ ದಿನ ಒಬ್ಬ ಹಾಗೆ ಮಾಡಿದಾಗ, ಪಾಪ, ಎದೆನೋವು ಇರಬೇಕು ಎಂದುಕೊಂಡು ನಾನು ಅವನನ್ನು ಕೂರಿಸಲು ಹೋದೆ.

ಬುಖಾರಾಕ್ಕೆ ಹಗಲಿನ ರೈಲು ಹಿಡಿದೆವು. ಕಿಟಕಿಯಾಚೆ ಹತ್ತಿಯ ಹೊಲಗಳು, ತಲೆಗೆ ರುಮಾಲು ಬಿಗಿದು ಹತ್ತಿ ಬಿಡಿಸುವ ಹೆಂಗಸರು. ಒಂದು ಗಳಿಗೆ ಸವಣೂರಿಗೂ ಶಿಗ್ಗಾಂವಿಗೂ ನಡುವೆ ಹೊರಟಂತೆಯೇ ಇತ್ತು. ಆದರೆ ಈ ಮಣ್ಣು ಕಪ್ಪಲ್ಲ, ಬಿಸ್ಕಿಟಿನ ಬಣ್ಣ.

ಎದುರು ಕೂತ ಹೆಂಗಸು ಚೀಲದಿಂದ ಬಟ್ಟೆಯೊಂದನ್ನು ತೆಗೆದು ಹಾಸಿ, ಅದರ ಮೇಲೆ ರೊಟ್ಟಿ, ದ್ರಾಕ್ಷಿ, ಕರಬೂಜದ ಹೋಳು ಹರಡಿ, ನಮ್ಮ ಮೊಣಕಾಲು ಮುಟ್ಟಿ "ದಸ್ತರ್‌ಖಾನ್" ಅಂದಳು. ಖುರ್ಷಿದ್ ಕುಣಿದಾಡಿದಳು. "ನಮ್ಮ ಮನ್ಯಾಗೂ ಇದಕ್ಕ ದಸ್ತರ್‌ಖಾನಾ ಅಂತೇವಿ!" ಅಲ್ಲಿಂದ ಇಬ್ಬರಿಗೂ ಒಂದು ಆಟ ಶುರುವಾಯಿತು. ಖುರ್ಷಿದ್ ಒಂದೊಂದೇ ವಸ್ತು ಮುಟ್ಟಿ ಉರ್ದು ಹೆಸರು ಹೇಳುವುದು, ಆಕೆ ತಲೆಯಾಡಿಸುವುದು ಅಥವಾ ತಿದ್ದುವುದು. ರುಮಾಲು, ದರ್ವಾಜಾ, ಮೆಹಮಾನ್, ಪಿಯಾಜ್. ಅರ್ಧ ಡಬ್ಬಿಯೇ ಆಟಕ್ಕೆ ಕೂಡಿತು. ನಾವು ಸವಣೂರ ಖಾರಾದ ಪೊಟ್ಟಣ ಬಿಚ್ಚಿದೆವು. ಮುದುಕನೊಬ್ಬ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಎದೆಗೆ ಕೈ ಒತ್ತಿ, ಇನ್ನೊಂದು ಮುಷ್ಟಿ ಕೇಳಿದ.

ನಾನು ರೊಟ್ಟಿಯ ತುಂಡನ್ನು ಕೆಳಗಿಟ್ಟೆ. ಆ ಹೆಂಗಸು ಅದನ್ನು ಮಗುಚಿ ಇಟ್ಟಳು. ಮತ್ತೆ ಇಟ್ಟೆ, ಮತ್ತೆ ಮಗುಚಿದಳು. ಮೂರನೇ ಸಲಕ್ಕೆ ತಿಳಿಯಿತು: ರೊಟ್ಟಿಯ ಮುಖ ಮೇಲೇ ಇರಬೇಕು, ಬೋರಲು ಹಾಕುವಂತಿಲ್ಲ. ಬೈಯಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ನಮ್ಮವ್ವನಾಗಿದ್ದರೆ ಇಡೀ ಓಣಿಗೆ ಕೇಳಿಸುತ್ತಿದ್ದಳು.

ಕರಬೂಜ ಜೇನಿನಂತಿತ್ತು. ಡಾಕ್ಟರು ಹಸಿಯದು ಬೇಡ ಎಂದದ್ದು ನೆನಪಿತ್ತು. ಆದರೂ ಐದು ಹೋಳು ತಿಂದೆ.

ಗುಲ್ನೋರಾಳ ಮನೆ

ಬುಖಾರಾದಲ್ಲಿ ನಾವು ಇಳಿದುಕೊಂಡದ್ದು ಗುಲ್ನೋರಾ ಎಂಬ ವಿಧವೆಯ ಮನೆಯಲ್ಲಿ. ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುತ್ತಾಳೆ. ಅಂಗಳದಲ್ಲಿ ದಾಳಿಂಬೆ ಗಿಡ, ಮಂಚದಂಥ ಕಟ್ಟೆ, ಅದರ ಮೇಲೆ ದಿನವಿಡೀ ಚಹಾ. ನಮ್ಮಿಬ್ಬರಿಗೂ ಆಕೆ "ಓಪಾ" ಎನ್ನುತ್ತಿದ್ದಳು. ಸವಣೂರಿನ ಆಪಾನೇ ಅದು, ಅಕ್ಕ ಅಂತ.

ಆಕೆ ಚಹಾವನ್ನು ಬಟ್ಟಲಿಗೆ ಸುರಿದು ತಿರುಗಿ ಕೆಟಲಿಗೆ ಹಾಕುವಳು. ಹೀಗೆ ಮೂರು ಸಲ. ಆಮೇಲೆ ಅರ್ಧ ಬಟ್ಟಲು ಕೊಡುವಳು. ಹಾನಗಲ್ಲಿನಲ್ಲಿ ಬೀಗರಿಗೆ ಅರ್ಧ ಕಪ್ಪು ಚಹಾ ಕೊಟ್ಟರೆ ಮುಂದಿನ ಮದುವೆಗೆ ಬರುವುದಿಲ್ಲ. ನಾನು ಬೆರಳಿನಿಂದ ಬಟ್ಟಲಿನ ಅಂಚು ತೋರಿಸಿ ಪೂರ್ತಿ ತುಂಬಿಸೆಂದೆ. ಆಕೆಯ ಮುಖ ಬಾಡಿತು. ತುಂಬಿದ ಬಟ್ಟಲು ಎಂದರೆ "ಇನ್ನು ನೀವು ಏಳಬಹುದು" ಎಂದು ಅರ್ಥವಂತೆ. ನನ್ನನ್ನು ಹೊರಗೆ ಹಾಕೆಂದು ನಾನೇ ಕೇಳಿಕೊಂಡಿದ್ದೆ.

ಊಟದ ಹೊತ್ತಿಗೆ, ಮಾಂಸ ತಿನ್ನದ ನನ್ನ ಪರವಾಗಿ ಖುರ್ಷಿದ್ ಮಾತಾಡಿದಳು. "ಗೋಶ್ತ್ ನಹೀಂ. ಸಿರ್ಫ್ ಸಬ್ಜಿ." ಗುಲ್ನೋರಾ ಅಚ್ಚರಿಯಿಂದ ಎರಡು ಸಲ ಕೇಳಿದಳು. "ಸಬ್ಜಿ? ಸಬ್ಜಿನೇ?" ಖುರ್ಷಿದ್ ಹೌದೆಂದಳು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ತಾಟಿನ ತುಂಬ ಗಜ್ಜರಿ ಬಂತು. ಹಸಿ ಗಜ್ಜರಿ, ಬೇಯಿಸಿದ ಗಜ್ಜರಿ, ಎಣ್ಣೆಯಲ್ಲಿ ಬಾಡಿಸಿದ ಗಜ್ಜರಿ. ಆ ನಾಡಿನಲ್ಲಿ ಸಬ್ಜಿ ಎಂದರೆ ಗಜ್ಜರಿ! ಗಜ್ಜರಿ ಬಿಟ್ಟು ಬೇರೇನೂ ತಿನ್ನದ ಹೆಂಗಸು ಹಿಂದೂಸ್ತಾನದಿಂದ ಬಂದಿದ್ದಾಳೆಂದು ಓಣಿಗೆಲ್ಲ ಸುದ್ದಿಯಾಗಿ, ಮರುದಿನ ಬೆಳಿಗ್ಗೆ ಎರಡು ಮನೆಯವರು ಗಜ್ಜರಿ ಕಳಿಸಿದ್ದರು.

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆದರೆ ಆ ಹೊಟ್ಟೆಯಲ್ಲಿ ಕರಬೂಜ ಕೂಡ ತನ್ನ ಕೆಲಸ ನಡೆಸಿತ್ತು. ಎರಡು ದಿನ ಕೋಣೆಗೂ ಬಚ್ಚಲಿಗೂ ಓಡಾಡಿದೆ. ಒಣಹವೆಗೆ ಮೂಗಿನಿಂದ ರಕ್ತವೂ ಬಂತು, ಸುಲಭಕ್ಕೆ ನಿಲ್ಲಲಿಲ್ಲ. ಖುರ್ಷಿದ್ "ದವಾಖಾನಿಗೆ ಹೋಗೂಣು" ಎಂದಳು. ನಾನು "ಹೀಟು, ಅಷ್ಟ" ಅಂದೆ. ಮಕ್ಕಳಿಗೆ ಹೀಟು ಎಂಬ ಕಾಯಿಲೆಯೇ ಇಲ್ಲ ಎಂದು ವರ್ಷಗಟ್ಟಲೆ ಪಾಠ ಮಾಡಿದವಳು ನಾನು.

ಕೋಟೆಯ ಏರು

ಐದನೇ ದಿನ ಸ್ವಲ್ಪ ಹುಷಾರೆನಿಸಿತು. ಊರ ನಡುವಿನ ಹಳೆಯ ಕೊಳದ ಹತ್ತಿರ ಶತಮಾನ ಕಂಡ ಹಿಪ್ಪುನೇರಳೆ ಮರಗಳಿವೆ. ಸವಣೂರಿನ ದೊಡ್ಡಹುಣಸೆ ಮರಗಳ ಮುಂದೆ ಇವು ಕೂಸುಗಳು ಎಂದು ಖುರ್ಷಿದ್ ತೀರ್ಪು ಕೊಟ್ಟಳು. ಅಲ್ಲಿಂದ, ಹಿಂದೆ ಈ ಊರನ್ನು ಆಳಿದ ಅಮೀರರ ಕೋಟೆಗೆ ಹೋದೆವು. ಬಾಗಿಲಿನಿಂದ ಒಳಕ್ಕೆ ಕಲ್ಲು ಹಾಸಿದ ಏರುದಾರಿ.

"ನೀ ಕೆಳಗ ಕುಂಡ್ರು. ನಾ ಹೋಗಿ ಬರ್ತೇನಿ," ಅಂದಳು.

"ಇಷ್ಟ ದೂರ ಬಂದು ಬಾಗಿಲ ಕಾಯಲೇನು?"

ನಡುದಾರಿಗೆ ಬಂದಾಗ ಕಿವಿಯಲ್ಲಿ ಗಿರಣಿಯ ಸದ್ದು. ಎದೆ ಡವಡವ. ಗೋಡೆಗೆ ಕೈ ಕೊಡಲು ಹೋದೆ, ಗೋಡೆ ದೂರ ಸರಿಯಿತು.

ಎಚ್ಚರಾದಾಗ ಟ್ಯಾಕ್ಸಿಯೊಂದರಲ್ಲಿ ಖುರ್ಷಿದ್‌ಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಯಾರೋ ನಾಲ್ಕು ಜನ ಎತ್ತಿಕೊಂಡು ಇಳಿಸಿದರಂತೆ. ಖುರ್ಷಿದ್ "ದವಾಖಾನಾ, ದವಾಖಾನಾ" ಎಂದು ಕೂಗುತ್ತಿದ್ದಳು, ಚಾಲಕ ಶರವೇಗದಲ್ಲಿ ಓಡಿಸಿ ಗಕ್ಕನೆ ನಿಲ್ಲಿಸಿದ. ನೋಡಿದರೆ ಔಷಧದ ಅಂಗಡಿ. ಅವನ ಭಾಷೆಯಲ್ಲಿ ನಮ್ಮ ಮಾತಿಗೆ ಹತ್ತಿರವಾದದ್ದು ಅದೇ!

ಅಂಗಡಿಯ ಹೆಂಗಸು ಹೊರಗೆ ಬಂದು ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಒಳಗೆ ಹೋಗಿ, ದೀಪ ಆರಿಸಿ, ಅಂಗಡಿಗೆ ಬೀಗ ಹಾಕಿ, ಬಂದು ನಮ್ಮ ಪಕ್ಕ ಕೂತಳು. ಹೊರಗೆ ಕಾಯುತ್ತಿದ್ದ ಗಿರಾಕಿಗಳು ತಾವೇ ಟ್ಯಾಕ್ಸಿಯ ಬಾಗಿಲು ಮುಚ್ಚಿದರು. ಅವಳ ಹೆಸರು ಮಲಿಕಾ, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಆ ದಿನ ಸಂಜೆಯವರೆಗೆ ಅವಳು ಅಂಗಡಿ ತೆಗೆಯಲಿಲ್ಲ.

ಆಸ್ಪತ್ರೆ

ಡಾಕ್ಟರು ತೆಳ್ಳಗಿನ, ಕಣ್ಣಿನ ಸುತ್ತ ದಣಿವಿದ್ದ ಹೆಂಗಸು. ರಕ್ತ ಪರೀಕ್ಷೆ ಮಾಡಿಸಿ ಚೀಟಿ ಹಿಡಿದು ಬಂದವರು ನನ್ನ ಮುಂದೆ ಮೂರು ಬೆರಳು ಎತ್ತಿದರು. ಆಮೇಲೆ ಬೆರಳನ್ನು ಅಡ್ಡ ಮಾಡಿ ಗಾಳಿಯಲ್ಲಿ ಒಂದು ಗೆರೆ ಎಳೆದು ತಲೆ ಅಲ್ಲಾಡಿಸಿದರು. ಮಲಿಕಾ ಆಗ ಯಾವುದೋ ಕಾಗದ ಬರೆಸಲು ಹೋಗಿದ್ದಳು.

"ಮೂರು ಅಂತ," ಖುರ್ಷಿದ್ ಪಿಸುಗುಟ್ಟಿದಳು. "ಮೂರು ಏನು?"

"ಮೂರು ದಿನ ಇರಬೇಕು," ಅಂದೆ.

"ಆ ಗೆರಿ?"

"ಅದರಾಗೂ ಕಡಿಮಿ."

ಖುರ್ಷಿದ್ ಕುರ್ಚಿ ಹುಡುಕದೆ ನೆಲದ ಮೇಲೆ ಕೂತುಬಿಟ್ಟಳು. ನಾನು ಸೀಲಿಂಗ್ ನೋಡುತ್ತ ಮಲಗಿದೆ. ಇಲ್ಲಿ ಸತ್ಯವನ್ನೇ ಬರೆಯಬೇಕು: ನನಗೆ ಭಯವಾಯಿತು. ದೊಡ್ಡ ಭಯ. ಖುರ್ಷಿದ್‌ಗಾದರೆ ಕರೆಯಲು ಒಂದು ಹೆಸರಿದೆ. ಅವಳ ತುಟಿಗಳು ಆಗಲೇ ಅಲುಗಾಡುತ್ತಿದ್ದವು. ನನ್ನ ಬಾಯಿಗೆ ಯಾವ ಹೆಸರೂ ಬರಲಿಲ್ಲ. ಬರಿಸಿಕೊಳ್ಳಲು ಮನಸ್ಸೂ ಇರಲಿಲ್ಲ. ಹೆದರಿದಾಗ ಮಾತ್ರ ನಂಬುವುದು ದೇವರಿಗೂ ಅವಮಾನ, ನನಗೂ ಅವಮಾನ. ಆದರೆ ಹಾಗೆ ಅಂದುಕೊಂಡ ಮಾತ್ರಕ್ಕೆ ಭಯವೇನೂ ಇಳಿಯಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಏನು ತಿಳಿಯಿತೋ, ಎದ್ದು ಬಂದು ನನ್ನ ಕಾಲ ಬಳಿ ಕೂತು ತಣ್ಣಗಾಗಿದ್ದ ಪಾದಗಳನ್ನು ಎರಡೂ ಕೈಯಿಂದ ತಿಕ್ಕತೊಡಗಿದಳು. "ಬ್ಯಾಡ್ರಿ, ನೀವು ದೊಡ್ಡವರು," ಎಂದೆ ಕನ್ನಡದಲ್ಲಿ. ಅವಳು ತನ್ನ ಭಾಷೆಯಲ್ಲಿ ಏನೋ ಗದರಿಸಿದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಮಲಿಕಾ ತಿರುಗಿ ಬಂದಾಗ ಚೀಟಿ ಕೇಳಿ ಇಸಿದುಕೊಂಡೆ. ಮೂರು ನೆಟ್ಟಗಿನ ಗೆರೆಗಳಿದ್ದ ರೋಮನ್ ಅಂಕಿ, ಪಕ್ಕದಲ್ಲಿ ಮೈನಸ್ ಗುರುತು. ವಿಜ್ಞಾನದ ಮಾಸ್ತರಿಕೆ ಆಗ ಕೆಲಸಕ್ಕೆ ಬಂತು. ಆ ಕಡೆ ರಕ್ತದ ಗುಂಪುಗಳಿಗೆ ಅಕ್ಷರವಿಲ್ಲ, ಸಂಖ್ಯೆ. ಓ ಎಂದರೆ ಒಂದು, ಎ ಎಂದರೆ ಎರಡು, ಬಿ ಎಂದರೆ ಮೂರು. ಮೂರನೇ ಗುಂಪು, ನೆಗೆಟಿವ್!

"ಖುರ್ಷಿದ್, ಏಳು! ಅದು ದಿನ ಅಲ್ಲ, ನನ್ನ ರಕ್ತದ ಗುಂಪು!"

ಅವಳು ಎದ್ದು ನನ್ನ ತೋಳಿಗೊಂದು ಏಟು ಕೊಟ್ಟಳು. "ಮೂವತ್ತು ವರ್ಷ ಕಲಿಸಿ ಇಷ್ಟ ತಿಳೀಲಿಲ್ಲೇನು ನಿನಗ?" ಎಂದು ಬೈಯುತ್ತ ಬೈಯುತ್ತ ಅತ್ತಳು.

ಆದರೂ ಕಷ್ಟ ಮುಗಿದಿರಲಿಲ್ಲ. ತುರ್ತಾಗಿ ಎರಡು ಚೀಲ ಬೇಕಿತ್ತು. ಆ ಗುಂಪಿನ ರಕ್ತ ಆ ಹೊತ್ತಿಗೆ ಅಲ್ಲಿರಲಿಲ್ಲ, ಬೇರೆ ಊರಿನಿಂದ ಬರಬೇಕಾದರೆ ಮರುದಿನವಾಗುತ್ತಿತ್ತು. ಅಲ್ಲಿಯವರೆಗೆ ಕಾಯುವುದು ಒಳ್ಳೆಯದಲ್ಲ ಎಂದು ಡಾಕ್ಟರು ಮಲಿಕಾಳಿಗೆ ಹೇಳಿದ್ದು ಅವಳ ಮುಖದಿಂದಲೇ ತಿಳಿಯಿತು.

"ಇಲ್ಲಿ ನಮಗ ಯಾರ ಪರಿಚಯ ಐತಿ?" ಅಂದೆ. "ಯಾರ್ನ ಕೇಳೂದು?"

"ನೀ ಕೇಳಬ್ಯಾಡ. ನಿನ್ನ ಸ್ವಾಭಿಮಾನ ತಲಿದಿಂಬಿನ ಕೆಳಗ ಇಟ್ಕೊಂಡು ಮಲ್ಕೊ. ನಾ ಕೇಳ್ತೇನಿ," ಎಂದು ಖುರ್ಷಿದ್ ಗುಲ್ನೋರಾಳಿಗೆ ಫೋನು ಮಾಡಿದಳು. ರಕ್ತ ಬೇಕೆನ್ನಲು ಹೋದವಳ ಬಾಯಿಂದ ಗಾಬರಿಯಲ್ಲಿ ಹೊರಟದ್ದು ಮೂರೇ ಮಾತು. "ಸರೋಜಾ! ಖೂನ್! ಖೂನ್!"

ಅರ್ಧ ಗಂಟೆಯಲ್ಲಿ ಗುಲ್ನೋರಾ ಓಣಿಯ ಎಂಟು ಹತ್ತು ಜನರೊಂದಿಗೆ ಓಡಿಬಂದಳು. ಒಬ್ಬನ ಕೈಯಲ್ಲಿ ಬಡಿಗೆ. ನನ್ನನ್ನು ಯಾರೋ ಕೊಲೆ ಮಾಡಿದ್ದಾರೆಂದು ತಿಳಿದು ಬಂದಿದ್ದರು! ಹಾಸಿಗೆಯ ಮೇಲೆ ಜೀವಂತ ಇದ್ದ ನನ್ನನ್ನು ಕಂಡು ಬಡಿಗೆಯವನು ನಾಚಿ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಮಲಿಕಾ ಸಂಗತಿ ವಿವರಿಸಿದಳು. ಒಬ್ಬೊಬ್ಬರೇ ತೋಳು ಮೇಲೇರಿಸಿ ಪರೀಕ್ಷೆಗೆ ಸಾಲು ನಿಂತರು.

ರುಸ್ತಂ

ಅವರಲ್ಲಿ ಹೊಂದಿದ್ದು ಒಬ್ಬನದು, ಬಡಿಗೆಯವನದೇ. ಹೆಸರು ರುಸ್ತಂ, ಗುಲ್ನೋರಾಳ ಗೋಡೆಯಾಚೆಯ ಮನೆಯವನು, ವ್ಯಾನು ಓಡಿಸುತ್ತಾನೆ. ಬಾಗಿಲು ತುಂಬುವ ಆಳು, ಹುರಿ ಮಾಡಿದ ಮೀಸೆ. ಎರಡು ದಿನ ಬಿಟ್ಟು ಅವನ ಮಗಳ ಮದುವೆ.

ಸೂಜಿ ಕಂಡರೆ ಅವನಿಗೆ ಜೀವಭಯ. ತೆರೆದ ಬಾಗಿಲಿನಿಂದ ನನಗೆಲ್ಲ ಕಾಣುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿ, ನರ್ಸಿನ ಕೈಯನ್ನು ಹಿಡಿದು, ಜೋರಾಗಿ ಹಿಂದಿ ಸಿನಿಮಾದ ಹಾಡೊಂದನ್ನು ಹೇಳತೊಡಗಿದ. ಒಂದು ಶಬ್ದವೂ ಸರಿಯಿರಲಿಲ್ಲ, ರಾಗ ಮಾತ್ರ ಸರಿಯಿತ್ತು. ಚೀಲ ತುಂಬಿದ ಮೇಲೆ ಎದ್ದು ನಿಂತು, ಎದೆಗೆ ಕೈಯಿಟ್ಟು ನನ್ನತ್ತ ಬಾಗಿದ. ಬಾಗಿದವನು ಹಾಗೇ ನೆಲಕ್ಕೆ ಬಿದ್ದ.

ಅಷ್ಟರಲ್ಲಿ ಅವನ ಹೆಂಡತಿ ಜಮೀಲಾ ಬಂದಳು. ಮದುವೆಯ ಮನೆಯಿಂದ ಎದ್ದು ಬಂದಿದ್ದಳು, ಮುಂಗೈಗೆಲ್ಲ ಹಿಟ್ಟು. ಬಿದ್ದ ಗಂಡನನ್ನು ನೋಡಿ ಉದ್ದಕ್ಕೆ ಬೈದಳು. ಮಲಿಕಾ ನಗು ತಡೆಯುತ್ತ ಅನುವಾದ ಮಾಡಿದಳು: "ಹೆಣ್ಣಿನ ಅಪ್ಪ ಮದುವೆಯಲ್ಲಿ ಕುಣಿಯಬೇಕು. ಇವನು ಈಗ ಒಣ ಮೀನಿನ ಹಾಗೆ ಬಿದ್ದಿದ್ದಾನೆ. ನಾನು ಯಾರ ಜತೆ ಕುಣಿಯಲಿ ಅಂತ ಕೇಳ್ತಿದಾಳೆ."

ನಾನು ತಪ್ಪಾಯಿತು ಎನ್ನುವಂತೆ ಕೈ ಜೋಡಿಸಿದೆ. ಜಮೀಲಾ ನನ್ನತ್ತ ತಿರುಗಿದವಳು ಒಮ್ಮೆಲೇ ಮೆತ್ತಗಾದಳು. ತಾನು ತಂದಿದ್ದ ಸಕ್ಕರೆ ಚಹಾವನ್ನು ಮೊದಲು ಗಂಡನಿಗಲ್ಲ, ನನಗೆ ಕುಡಿಸಿದಳು.

ಯಾಕೆ ಕೊಟ್ಟೆ ಎಂದು ಮಲಿಕಾಳ ಮೂಲಕ ರುಸ್ತಂನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ, "ನೀವು ನಮ್ಮ ಓಣಿಯಲ್ಲಿ ಇಳಿದುಕೊಂಡಿದ್ದೀರಿ," ಅಂದ. ಅವನ ಪ್ರಕಾರ ಅಷ್ಟೇ ಕಾರಣ.

ಎರಡನೇ ಚೀಲ ಮಧ್ಯಾಹ್ನದ ಹೊತ್ತಿಗೆ ಬಂತು. ರೊಟ್ಟಿ ಅಂಗಡಿಯ ಸಾಲಿನಲ್ಲಿ ನನ್ನ ಸುದ್ದಿ ಕೇಳಿದ ಹೆಂಗಸೊಬ್ಬಳು, ತನ್ನದೂ ಅದೇ ಗುಂಪೆಂದು, ಕೈಯಲ್ಲಿ ಎರಡು ರೊಟ್ಟಿ ಹಿಡಿದೇ ಬಂದು ಕೊಟ್ಟು ಹೋದಳಂತೆ. ನಾನು ಆಗ ನಿದ್ದೆಯಲ್ಲಿದ್ದೆ. ಹೆಸರು ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಮಕ್ಕಳು ಹಸಿದಿರುತ್ತಾರೆ ಎಂದು ಅವಸರದಲ್ಲಿದ್ದಳು ಎಂದಷ್ಟೇ ನರ್ಸು ಹೇಳಿದಳು.

ಮರುದಿನ ಬೆಳಿಗ್ಗೆ ನನ್ನ ಉಗುರಿಗೆ ಬಣ್ಣ ಬಂದಿತ್ತು. ಖುರ್ಷಿದ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನೋಡು, ಅಲ್ಲಾ ರುಸ್ತಂನ ಕಳಿಸಿದ."

"ರುಸ್ತಂ ತನ್ನ ವ್ಯಾನಿನ್ಯಾಗ ಬಂದ."

"ಬರೂ ಮನಸ್ಸು ಕೊಟ್ಟಾವ್ರು ಯಾರು?"

"ಮನಸ್ಸು ಅವನ್ದ. ಅದನ್ನೂ ಅವನಿಂದ ಕಸ್ಕೋಬ್ಯಾಡ."

ಖುರ್ಷಿದ್ ನನ್ನ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು. "ಹೋಗ್ಲಿ ಬಿಡು," ಅಂದಳು. "ಊರ ಹೊರಗಿನ ದರ್ಗಾಕ್ಕ ಹೋಗಿ ನಿನ್ನ ಹೆಸರೀಲೆ ದುವಾ ಮಾಡಿ ಬರ್ತೇನಿ. ಹುಲಗೂರಾಗ ಹ್ಯಾಂಗೂ ಪ್ರತಿ ಸಲ ಮಾಡ್ತೇನಿ. ಅಡ್ಡಿ ಇಲ್ಲಲ್ಲ?"

ಹುಲಗೂರಿನ ದರ್ಗಾದಲ್ಲಿ ಎರಡು ವರ್ಷದಿಂದ ನನಗಾಗಿ ಬೇಡಿಕೊಳ್ಳುತ್ತಿದ್ದಾಳೆಂದು ಅವತ್ತೇ ಗೊತ್ತಾಗಿದ್ದು. ಅವಳ ದುವಾ ಎಲ್ಲಿಗೆ ಹೋಗಿ ಮುಟ್ಟುತ್ತದೋ ನಾನರಿಯೆ. ಆದರೆ ಎಲ್ಲಿಂದ ಹೊರಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಅಡ್ಡಿ ಇಲ್ಲ. ನಾಷ್ಟಾ ಮಾಡಿ ಹೋಗು," ಅಂದೆ.

ಮದುವೆಯ ಮನೆ

ಡಾಕ್ಟರು ಬಿಟ್ಟ ದಿನವೇ ಮದುವೆ. ಮಲಗಿಕೊಂಡು ಬೇಕಾದರೂ ಬರಬೇಕು ಎಂದು ರುಸ್ತಂ ಹಟ ಹಿಡಿದ. ಅಂಗಳದಲ್ಲಿ ಹಾಸಿದ ಗಾದಿಗಳ ಮೇಲೆ ಹೆಂಗಸರ ನಡುವೆ ನಮ್ಮನ್ನು ಕೂರಿಸಿದರು. ನನಗೆ ಬೆನ್ನಿಗೆ ಮೂರು ದಿಂಬು, ಮುಂದೆ ಒಂದು ತಾಟು ಗಜ್ಜರಿ. ರುಸ್ತಂ ಕುಣಿದ. ಒಮ್ಮೆ ತಿರುಗಿದಾಗ ಆಯ ತಪ್ಪಿದಂತಾಗಿ ನನ್ನ ಜೀವ ಬಾಯಿಗೆ ಬಂತು. ಜಮೀಲಾ ಅವನ ತೋಳು ಹಿಡಿದುಕೊಂಡೇ ಕುಣಿದಳು. ನಮ್ಮ ಕಡೆ ಹೆಣ್ಣಿನ ತಂದೆ ಮದುವೆಯ ದಿನ ನಗುವುದೇ ಅಪರೂಪ. ಇಲ್ಲಿ ಅಪ್ಪ ಬೆವರು ಸುರಿಸಿ ಕುಣಿಯುತ್ತಿದ್ದ, ಮಗಳು ಮುಸುಕಿನೊಳಗೆ ಅಳುತ್ತಲೂ ನಗುತ್ತಲೂ ಇದ್ದಳು.

ಊಟವಾದ ಮೇಲೆ ಎಲ್ಲರೂ ಎರಡೂ ಅಂಗೈಗಳನ್ನು ಬೊಗಸೆಯಂತೆ ಮೇಲೆತ್ತಿ ಸುಮ್ಮನಾದರು. ನಾನು ನೋಡುತ್ತ ಕೂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಏನಾತು?" ಖುರ್ಷಿದ್‌ಳ ಕಿವಿಯಲ್ಲಿ ಕೇಳಿದೆ.

"ವಯಸ್ಸಿನಾಗ ದೊಡ್ಡ ಮೆಹಮಾನ್ ನೀನ ಅಂತ. ಮದುಮಗಳಿಗೆ ದುವಾ ನೀನ ಹೇಳಬೇಕಂತ."

"ನಾನ? ನಿನಗ ಗೊತ್ತಿಲ್ಲೇನು ನಾ..."

"ನನಗ ಗೊತ್ತೈತಿ. ಅವರಿಗೆ ಗೊತ್ತಿಲ್ಲ. ಏನರ ಒಂದ್ ಅನ್ನು, ಮಂದಿ ಕೈ ಎತ್ಕೊಂಡು ಕುಂತಾರ."

ಸುಳ್ಳು ಹೇಳಲು ನನಗೆ ಇಷ್ಟವಿರಲಿಲ್ಲ. ಸುಮ್ಮನಿರಲೂ ಆಗುತ್ತಿರಲಿಲ್ಲ. ನನ್ನ ಮೈಯಲ್ಲಿ ಹರಿಯುತ್ತಿದ್ದುದು ಆ ಹುಡುಗಿಯ ಅಪ್ಪನ ರಕ್ತ. ನಾನೂ ಅಂಗೈ ಎತ್ತಿದೆ. ಮೇಲೆ ಆಕಾಶ ನೋಡಲಿಲ್ಲ. ಅಂಗಳದ ಸುತ್ತ ನೋಡಿದೆ. ಮಲಿಕಾ ಇದ್ದಳು. ಗುಲ್ನೋರಾ ಇದ್ದಳು. ಅವತ್ತು ಸಾಲು ನಿಂತು, ರಕ್ತ ಹೊಂದದೆ, ಮುಖ ಚಿಕ್ಕದು ಮಾಡಿಕೊಂಡು ಹೋದವರೆಲ್ಲ ಇದ್ದರು. ಕನ್ನಡದಲ್ಲಿ, ಹಾನಗಲ್ಲಿನ ಮಾತಿನಲ್ಲಿ ಹೇಳಿದೆ:

"ಮಗಳ, ನಿನಗ ಬ್ಯಾನಿ ಬಂದ ದಿನ ನಿನ್ನ ಓಣಿ ಮಂದಿ ನಿನ್ನ ಬಾಗಿಲಕ್ಕ ಬರ್ಲಿ. ಅವರಿಗೆ ಬಂದ ದಿನ ನೀ ಅವರ ಬಾಗಿಲಕ್ಕ ಹೋಗು. ಕೇಳಾಕ ನಾಚಬ್ಯಾಡ. ಕೊಡಾಕ ತಡ ಮಾಡಬ್ಯಾಡ."

"ಓಮಿನ್!" ಎಂದು ಇಡೀ ಅಂಗಳ ಅಂಗೈಗಳನ್ನು ಮುಖಕ್ಕೆ ಸವರಿಕೊಂಡಿತು. ಒಂದು ಶಬ್ದವೂ ಅವರಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಖುರ್ಷಿದ್ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಭಾಳ ಚಂದ ದುವಾ ಮಾಡಿದಿ," ಅಂದಳು.

"ದುವಾ ಅಲ್ಲ ಅದು. ಬುದ್ಧಿಮಾತು."

"ಇರ್ಲಿ, ಅವ ಎರಡೂ ಕೇಳ್ತಾನ."

ಹಾನಗಲ್

ಊರಿಗೆ ಬಂದು ಹದಿನೈದು ದಿನಕ್ಕೆ ಮತ್ತೆ ರಕ್ತ ಏರಿಸುವ ಸರದಿ. ತಮ್ಮನ ಸರದಿ ಆಗಿರಲಿಲ್ಲ, ರಕ್ತನಿಧಿಯಲ್ಲಿ ಒಂದೇ ಚೀಲ ಸಿಗುವಂತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಪ್ ಗುಂಪಿದೆ. ಅಲ್ಲಿ ಬರೆದೆ, ಅಳಿಸಿದೆ. ಅಂಗಳಕ್ಕೆ ನೀರು ಹೊಡೆದು ಬಂದು ಮತ್ತೆ ಬರೆದೆ. "ನನಗ ಬಿಪಿ ಅಲ್ಲ, ರಕ್ತದ ರೋಗ ಐತಿ. ಬಿ ನೆಗೆಟಿವ್ ಬೇಕು, ಮಂಗಳವಾರ, ಹುಬ್ಬಳ್ಳಿಯೊಳಗ. ಆದ್ರ ಬರ್ರಿ." ಕಳಿಸಿ ಫೋನನ್ನು ಅಕ್ಕಿಯ ಡಬ್ಬಿಯ ಮೇಲೆ ಬೋರಲು ಹಾಕಿ ಅಡುಗೆಮನೆಯಿಂದ ಹೊರಗೆ ಬಂದೆ. ಅರವತ್ತು ವರ್ಷದಲ್ಲಿ ನಾನು ಬೇರೆಯವರನ್ನು ಕೇಳಿದ್ದು ಅದೇ ಮೊದಲು. ಕೋಟೆಯ ಏರಿಗಿಂತ ಅದು ಕಡಿದಾಗಿತ್ತು.

ಮಂಗಳವಾರ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಮೂವರು ನನ್ನ ವಿದ್ಯಾರ್ಥಿಗಳು. ನಾಲ್ಕನೆಯವರನ್ನು ಕಂಡು ನಾನು ಬಾಗಿಲಲ್ಲೇ ನಿಂತೆ. ಅಕ್ಕಿಆಲೂರಿನ ಕಡೆಯ ಗುಡಿಯೊಂದರ ಅರ್ಚಕರು, ವೀರಯ್ಯನವರು. ಹಣೆ ತುಂಬ ವಿಭೂತಿ. ಕೆಲವು ವರ್ಷದ ಹಿಂದೆ ಗ್ರಹಣದ ಹೊತ್ತಿನಲ್ಲಿ ನಾನು ಶಾಲೆಯ ಮೈದಾನದಲ್ಲಿ ಮಕ್ಕಳಿಗೆಲ್ಲ ಅವಲಕ್ಕಿ ತಿನ್ನಿಸಿದ್ದೆ. ಈ ಅಯ್ಯನವರು ಗೇಟಿನ ಹೊರಗೆ ನಿಂತು, ನಾನು ಒಳಗೆ ನಿಂತು, ಗ್ರಹಣ ಬಿಡುವವರೆಗೂ ವಾದ ಮಾಡಿದ್ದೆವು. ಆಮೇಲೆ ಸಂತೆಯಲ್ಲಿ ಎದುರಾದರೂ ಮಾತಿರಲಿಲ್ಲ.

"ಅಯ್ಯನವರ, ನೀವು ಇಲ್ಲೆ?"

"ನಿಮ್ಮ ಕಡೆ ಕಲ್ತ ನನ್ನ ಮಗ ಫೋನಿನ್ಯಾಗ ತೋರಿಸಿದ್ನರೀ. ನನ್ನ ಗುಂಪೂ ಅದ. ಆಪರೇಷನ್ ಆದಾಗ ಗೊತ್ತಾಗಿತ್ತು."

ಆಗಲೂ ನನ್ನ ಸ್ವಭಾವ ಬಿಡಲಿಲ್ಲ. "ನಿಮ್ಮ ದೇವರನ್ನ ಇಲ್ಲ ಅಂದಾಕಿ ನಾ. ನನಗ ಕೊಡ್ತೀರೇನ್ರಿ?"

ವೀರಯ್ಯನವರು ಶಲ್ಯ ತೆಗೆದು ಮಡಚಿ ಬೆಂಚಿನ ಮೇಲಿಟ್ಟರು. ಅಂಗಿಯ ತೋಳನ್ನು ನಿಧಾನವಾಗಿ ಮೇಲೇರಿಸಿದರು.

"ಆ ವಾದ ಇನ್ನೂ ಮುಗದಿಲ್ಲರೀ ಅಕ್ಕೋರ. ನೀವ ಇಲ್ಲದಿದ್ರ ನಾ ಯಾರ ಸಂಗಡ ಮಾಡ್ಲಿ?" ಎಂದು ಹೇಳಿ, ಎಡಗೈಯೋ ಬಲಗೈಯೋ ಎಂದು ನರ್ಸನ್ನು ಕೇಳಿದರು.